ಚಳೆ ಹೊಡೆಯದ ನೀರು

ನೊರೆ ಒಡೆಯುತ್ತಿದೆ, ಬಕೀಟಿನ ಅಂಚಿನಲ್ಲಿ ಒಂದೊಂದೇ ಗುಳ್ಳೆ, ಕೆಳಗೆ ಕಪ್ಪು ನೀರು, ಈ ಸೋಫಾ ವರ್ಷಗಟ್ಟಲೆ ಕುಡಿದಿಟ್ಟ ಧೂಳು, ತಲೆಯೆಣ್ಣೆ, ಚಹಾ, ಎಲ್ಲವನ್ನೂ ಕೂಲಿಗೆ ಸೋಫಾ ತೊಳೆಯುವ ನನ್ನ ಯಂತ್ರ ಹೀರಿ ಇಲ್ಲಿ ಉಗುಳಿದೆ, ಜೊತೆಗೆ ನಾನೇ ಬೆರೆಸಿದ ಕಲೆ ತೆಗೆಯುವ ಔಷಧ — ಮೂಗು ಇನ್ನೂ ಉರಿಯುತ್ತಿದೆ — ಪಡಸಾಲೆಯಿಂದ ಮನೆಯೊಡತಿ ರೇಣುಕವ್ವನವರ ಧ್ವನಿ, ಯವ್ವಾ ಮಹಾನಂದಾ, ಅಷ್ಟ ನೀರ ಹಾಳ ಮಾಡಬ್ಯಾಡ, ಅಂಗಳಕ್ಕ ಚಳೆ ಹೊಡದಬಿಡು, ಧೂಳರೆ ಕುಂದರತೈತಿ. ಅವರದೇನು ತಪ್ಪು, ಈ ಸೀಮೆಯಲ್ಲಿ ನೀರನ್ನು ಒಂದೇ ಬಳಕೆಗೆ ಬಿಟ್ಟುಕೊಡುವವರು ಯಾರು, ನನ್ನೂರು ಕನಮಡಿಯಲ್ಲಿ ಅವ್ವನೂ ಹಾಗೆಯೇ, ಅಕ್ಕಿ ತೊಳೆದದ್ದು ಎಮ್ಮೆಗೆ, ಪಾತ್ರೆ ತೊಳೆದದ್ದು ಕರಿಬೇವಿಗೆ, ಬಟ್ಟೆ ಒಗೆದದ್ದು ಅಂಗಳಕ್ಕೆ — ಒಂದು ದಿನ ಒಗೆಯುವ ಸೋಡಾ ಸುರಿದು ಜಮಖಾನೆ ಒಗೆದ ನೀರೂ ಅಂಗಳಕ್ಕೇ ಬಿತ್ತು, ಹಾಸುಗಲ್ಲಿನ ತಗ್ಗಿನಲ್ಲಿ ನಿಂತಿತು, ನಮ್ಮ ಆಡು ಕೆಂಚಿ ಬಂದು ನಾಲಿಗೆ ಚಾಚಿತು, ಸಂಜೆಗೆ ಅದರ ಬಾಯಿ ತುಂಬ ನೊರೆ, ಆಮೇಲೆ ಹಗ್ಗವಷ್ಟೇ ಉಳಿಯಿತು. ಇಲ್ಲಿಯೂ ಹೊಸ್ತಿಲಾಚೆ ಒಂದು ಆಡು, ಈ ಜೋರಾಪುರ ಪೇಟೆಯ ಯಾರ ಮನೆಯದೋ, ಅಂಗಳದ ಕಲ್ಲು ಮೂಸುತ್ತಿದೆ.

ಇಲ್ರಿ ಯವ್ವಾ, ಔಷಧ ಕೂಡಿದ ನೀರೈತ್ರಿ, ಹಿತ್ತಲ ಪಾಯಖಾನಿಗೆ ಸುರವ್ತೇನ್ರಿ. ಏನ್ ಬೇ, ಆ ಹೊಲಸ ಹೊತ್ಕೊಂಡ ದೇವರ ಜಗಲಿ ಮುಂದಿಂದ ಹೊಂಟೀಯೇನ, ಪೂಜಿ ಈಗರೆ ಮುಗದೈತಿ, ನನ್ನ ಸೊಸಿ ಸೈತ ಇಷ್ಟ ಎದರ ಮಾತಾಡಂಗಿಲ್ಲ, ಇನ್ನೊಂದ ಹೆಜ್ಜಿ ಇಟ್ಟಿ ಅಂದ್ರ ದಸರಾಕ್ಕ ಈ ಓಣ್ಯಾಗ ನಿನ್ನ ಒಬ್ಬರೂ ಕರಿಯಂಗಿಲ್ಲ ನೋಡ. ಕರೆಯದಿರಬಹುದು, ಈ ಓಣಿಯೇ ನನ್ನ ಅನ್ನ, ಅವರ ಒಂದು ಮಾತಿಗೆ ತೆರೆದ ಬಾಗಿಲುಗಳು ಇನ್ನೊಂದು ಮಾತಿಗೆ ಮುಚ್ಚಿಯಾವು, ಮುಚ್ಚಲಿ, ನೀರು ಮಾತ್ರ ತುಳುಕಬಾರದು. ಮಠದಲ್ಲಿ ಪುರಾಣ ಹೇಳುತ್ತಿದ್ದ ಅಪ್ಪ ಅನ್ನುತ್ತಿದ್ದ, ಇನ್ನೊಂದು ಜೀವದ ಬಾಯಿಗೆ ದಾಟಿಸಿದ ಕೊಳೆಯನ್ನು ಯಾವ ಸ್ನಾನವೂ ತೊಳೆಯದು ಮಗಳೇ — ಒದ್ದೆ ಬಟ್ಟೆ ಮುಚ್ಚುತ್ತೇನೆ, ಎರಡೂ ಕೈಯಲ್ಲಿ ಎತ್ತುತ್ತೇನೆ, ಶಿವನೇ, ನಿನ್ನೆದುರಿನಿಂದಲೇ ಒಯ್ಯುತ್ತೇನೆ, ಹಾಲಾಹಲವನ್ನು ಕಂಠದಲ್ಲಿ ತಡೆದವನಿಗೆ ಈ ಬಕೀಟು ಮೈಲಿಗೆಯಾದೀತೇ, ಜಗಲಿಯ ದೀಪ ಅಲುಗಲಿಲ್ಲ, ಬೆನ್ನ ಹಿಂದೆ ಬೈಗುಳ, ಏನ್ ಸೊಕ್ಕ ಬೇ ನಿಂದು, ಪಾಯಖಾನೆಯ ಬಾಗಿಲು, ಸುರಿದೆ, ನೊರೆ ಸುತ್ತಿ ಸುತ್ತಿ ಇಳಿಯಿತು, ಮೇಲೆ ಒಂದು ತಂಬಿಗೆ ತಿಳಿನೀರು.

ತಿರುಗಿ ಬರುತ್ತೇನೆ, ನನ್ನ ಯಂತ್ರ ಹೊಸ್ತಿಲಾಚೆ ಇದೆ, ಅವರೇ ಹೊರಗಿಟ್ಟಿದ್ದಾರೆ, ಇರಲಿ, ಅದರ ಪಕ್ಕದಲ್ಲಿ ಆ ಆಡು, ಕಲ್ಲಿನ ತಗ್ಗಿಗೆ ಬಗ್ಗಿದೆ, ಒಣಗಿದ ಕಲ್ಲು, ಒಣಗಿಯೇ ಇದೆ, ಅದರ ಮೇಲೆ ನಾಲಿಗೆ, ಗುಲಾಬಿ ನಾಲಿಗೆ, ನೊರೆಯಿಲ್ಲದ ನಾಲಿಗೆ —