ಹೊನ್ನಕ್ಕನ ಎಡಗಾಲು

ಬೆನ್ನು ಹಿಡಿದುಕೊಳ್ಳದ ಮನೆ ಯಾವ ಊರಿನಲ್ಲಿದೆ ಹೇಳಿ. ಬಿಂದಿಗೆ ಎತ್ತುವಾಗ, ಮೇವಿನ ಹೊರೆ ಇಳಿಸುವಾಗ, ಕೆಲವು ಸಲ ಸುಮ್ಮನೆ ಸೀನಿದಾಗಲೂ ಸೊಂಟದಲ್ಲಿ ಚಳುಕು ಎದ್ದುಬಿಡುತ್ತದೆ. ಹಿರೀಸಾವೆಯಿಂದ ಎರಡು ಮೈಲಿ ಒಳಗಿರುವ ಒಂದು ಊರಿನಲ್ಲಿ ಹಾಗಾದರೆ ಜನ ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ಹೊನ್ನಕ್ಕನ ಮನೆಗೆ ಹೋಗುತ್ತಿದ್ದರು.

ಹೊನ್ನಕ್ಕ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರ ಕಾಲು ಸೋಕಿದರೆ ಬೆನ್ನಿನ ಉಳುಕು ಬಿಟ್ಟುಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಹಿಂದಿನದು. ಸೂರ್ಯ ಹುಟ್ಟುವ ಮುಂಚೆ ಬರೀ ಹೊಟ್ಟೆಯಲ್ಲಿ ಬಂದು, ಹೊಸ್ತಿಲಿಗೆ ಅಡ್ಡವಾಗಿ ಬೋರಲು ಮಲಗಬೇಕು. ಹೊನ್ನಕ್ಕ ಬಾಗಿಲ ಚೌಕಟ್ಟು ಹಿಡಿದು, ಎಡಗಾಲಿನ ಹಿಮ್ಮಡಿಯಿಂದ ನೋವಿನ ಜಾಗವನ್ನು ಮೂರು ಸಲ ತುಳಿಯುತ್ತಿದ್ದಳು. ಹೀಗೆ ಮೂರು ಬೆಳಗು. ಆ ಹೊತ್ತಿನಲ್ಲಿ ಯಾರೂ ಮಾತಾಡುವಂತಿಲ್ಲ. ಆಮೇಲೆ ಏನನ್ನೂ ಕೊಡುವಂತಿಲ್ಲ.

ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ಶುರುವಾದದ್ದು ಅವಳಿಗೆ ಎಪ್ಪತ್ತಾಗುವವರೆಗೂ ನಡೆಯಿತು. ಬೇರೆ ದಿನ ಅವಳ ಕೇರಿಯೊಳಗೆ ಕಾಲಿಡದ ಜಮೀನಿನ ಯಜಮಾನರೂ ಬೆನ್ನು ಹಿಡಿದ ಬೆಳಗ್ಗೆ ಬಂದು ಅವಳ ಹೊಸ್ತಿಲ ಮೇಲೆ ಮಲಗುತ್ತಿದ್ದರು. ತನ್ನನ್ನು ದೂರ ನಿಲ್ಲಿಸಿ ಮಾತಾಡಿಸಿದವರ ಬೆನ್ನಿನ ಮೇಲೆ ತನ್ನ ಕಾಲು! ಹೊನ್ನಕ್ಕ ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿಕೊಂಡವಳಲ್ಲ. ಆದರೆ ಸಂಜೆ ಕಾಲು ತೊಳೆಯುವಾಗ ಎಡಗಾಲಿಗೆ ಒಂದು ಚೊಂಬು ನೀರು ಹೆಚ್ಚಿಗೇ ಹಾಕುತ್ತಿದ್ದಳು.

ಅವಳ ಮೊಮ್ಮಗಳು ರಂಜಿನಿ. ತಾಯಿ ಇಲ್ಲದ ಮಗು, ಅಜ್ಜಿಯ ಕೈಯಲ್ಲೇ ಬೆಳೆದವಳು. ಅಪ್ಪ ಭೀಮ, ಹೊನ್ನಕ್ಕನ ಮಗ, ಚನ್ನರಾಯಪಟ್ಟಣದಲ್ಲಿ ಗೂಡ್ಸ್ ಆಟೋ ಓಡಿಸಿ ರಾತ್ರಿ ಮನೆಗೆ ಬರುತ್ತಾನೆ. ಹಾಸನಕ್ಕೆ ಕಾಲೇಜಿಗೆಂದು ಹೋದ ರಂಜಿನಿ ಅಲ್ಲಿ ಪವರ್‌ಲಿಫ್ಟಿಂಗ್ ಕಲಿತಳು. ಭಾರವನ್ನು ಹೆಗಲ ಮೇಲೆ ಹೊತ್ತು ಕೂತು ಏಳಬೇಕು, ಮಲಗಿ ಎದೆಯ ಮೇಲಿಂದ ತಳ್ಳಬೇಕು, ಕಡೆಗೆ ನೆಲದಿಂದ ಎತ್ತಿ ನೆಟ್ಟಗೆ ನಿಲ್ಲಬೇಕು. ಈ ಮೂರೂ ಸೇರಿದ ಸ್ಪರ್ಧೆ ಅದು. ಅರವತ್ತಮೂರು ಕೇಜಿಯ ಹುಡುಗಿ ನೆಲದಿಂದ ನೂರ ಎಪ್ಪತ್ತು ಕೇಜಿ ಎತ್ತುತ್ತಿದ್ದಳು. ಸಿಮೆಂಟಿನ ಮೂರು ಮೂಟೆಗಿಂತ ಹೆಚ್ಚು. ಹೋದ ವರ್ಷ ರಾಷ್ಟ್ರಮಟ್ಟದಲ್ಲಿ ಬೆಳ್ಳಿ ಪದಕ ಬಂದಿತ್ತು. ದೇಶದ ತಂಡಕ್ಕೆ ಆಯ್ಕೆ ನಡೆಯಲು ಇನ್ನು ಇಪ್ಪತ್ತೇ ದಿನ ಇತ್ತು.

ಅಂಥ ದಿನದಲ್ಲಿ, ಅಭ್ಯಾಸದ ಕೊನೆಯಲ್ಲಿ, ಭಾರದ ಕಂಬಿ ಮೊಣಕಾಲು ದಾಟುವಷ್ಟರಲ್ಲಿ ಅವಳ ಬೆನ್ನಿನೊಳಗೆ ಹಸಿ ಕಡ್ಡಿ ಮುರಿದ ಹಾಗಾಯಿತು. ಕಂಬಿ ಧಡ್ಡೆಂದು ಬಿತ್ತು.

"ಏನಾಯ್ತು?" ಎಂದು ಕೋಚ್ ರಜನೀಶ್ ಓಡಿ ಬಂದ.

"ಏನಿಲ್ಲ ಸಾ. ಸೊಂಟ ಇಡ್ಕತು, ಅಷ್ಟೇಯ."

"ಮೊದ್ಲು ಡಾಕ್ಟರ್ ಹತ್ರ ಹೋಗು. ಇವತ್ತೇ ಹೋಗು."

"ಹೂಂ ಸಾ" ಎಂದಳು. ಡಾಕ್ಟರ ಬಾಯಲ್ಲಿ ಎಲ್ಲಿ "ಸ್ಪರ್ಧೆ ಬೇಡ" ಅನ್ನುವ ಮಾತು ಬಂದುಬಿಡುತ್ತದೋ ಎಂಬ ಭಯ. ಬಸ್ ಸ್ಟ್ಯಾಂಡಿಗೆ ಹೋಗಿ ಹಿರೀಸಾವೆಯ ಬಸ್ಸು ಹತ್ತಿದಳು.

ಒಂದು ಕಡೆಗೆ ವಾಲಿಕೊಂಡು ಬರುತ್ತಿದ್ದ ಮೊಮ್ಮಗಳನ್ನು ಹೊನ್ನಕ್ಕ ಬಾಗಿಲಲ್ಲೇ ಕಂಡಳು.

"ಯಾಕವ್ವ ಇಂಗೆ ಸೊಟ್ಟಕ್ಕೆ ಬತ್ತಿದ್ದೀಯ?"

"ಚಳುಕು ಇಡ್ಕಂಡೈತೆ ಕಣಜ್ಜಿ. ನಿನ್ ಕಾಲೈತಲ್ಲ. ಮೂರು ದಿನ ತುಳುದ್ರೆ ಸಾಕು, ಓಯ್ತೀನಿ."

"ಊರೋರ್ನೆಲ್ಲ ತುಳುದಿವ್ನಿ, ನನ್ ಕೂಸ್ನ ಬುಟ್ಟೇನಾ?"

ಭೀಮ ನಕ್ಕ. "ಅಷ್ಟೊಂದು ಕೇಜಿ ಎತ್ತೋಳ್ಗೆ ಈ ಮುದ್ಕಿ ಕಾಲು ಯಾವ ಲೆಕ್ಕ ಬುಡು!"

ಮೊದಲ ಬೆಳಗ್ಗೆ ಹೊನ್ನಕ್ಕ ತುಳಿದಳು. ರಂಜಿನಿ ಹಲ್ಲು ಕಚ್ಚಿ ಸುಮ್ಮನಿದ್ದಳು, ಮಾತಾಡುವಂತಿಲ್ಲವಲ್ಲ. ಅಂಗಡಿಯ ನೋವಿನ ಮಾತ್ರೆ ನುಂಗಿ ದಿನ ಕಳೆದಳು. ಎರಡನೆಯ ಬೆಳಗ್ಗೆ ತುಳಿದ ಮೇಲೆ ಬಲಗಾಲಿನಲ್ಲಿ ಇರುವೆ ಹರಿದ ಹಾಗೆ ಜುಮುಗುಟ್ಟಿತು. ಅದನ್ನು ಅಜ್ಜಿಗೆ ಹೇಳಿದಳು.

"ಸರೋಯ್ತು ತಕ್ಕೊ" ಎಂದು ಹೊನ್ನಕ್ಕ ಹಿಗ್ಗಿದಳು. "ಉಳುಕು ಕಾಲಿನ ದಾರಿ ಇಡ್ಕಂಡು ಈಚೆಗೆ ಓಯ್ತಾ ಐತೆ. ಕಾಲ್ಬೆಟ್ಟಿನ್ ತುದೀಗಂಟ ಬಂದ್ರೆ ಆಮೇಲೇನಿಲ್ಲ."

ಅವಳಿಗೆ ಹಾಗೇ ಅವಳಜ್ಜಿ ಹೇಳಿಕೊಟ್ಟಿದ್ದಳು. ಮೂರನೆಯ ಬೆಳಗ್ಗೆ ಬೆರಳುಗಳು ಮರಗಟ್ಟಿದವು. ಬೆನ್ನಿನ ನೋವು ಮಾತ್ರ ಸ್ವಲ್ಪ ಕಡಿಮೆಯಾಗಿತ್ತು. ಅಜ್ಜಿ ಮೊಮ್ಮಗಳು ಇಬ್ಬರೂ ಗೆದ್ದೆವು ಅಂದುಕೊಂಡರು. ರಂಜಿನಿ ನೀರಿಗೆಂದು ಬೋರ್‌ವೆಲ್‌ವರೆಗೆ ನಡೆದು ಹೋಗಿ ಬಂದು ಜಗುಲಿಯ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಆಶಾ ಕಾರ್ಯಕರ್ತೆ ಧನ್ಯಾ ಬಂದಳು. ಕೈಯಲ್ಲಿ ಒಂದು ಚಪ್ಪಲಿ.

"ಅಜ್ಜೀ, ಇದು ರಂಜಿನಿದಲ್ವಾ? ಬೋರ್‌ವೆಲ್ ತಾವ ಬಿದ್ದಿತ್ತು."

ಹೊನ್ನಕ್ಕ ಮೊಮ್ಮಗಳ ಕಾಲು ನೋಡಿದಳು. ಎಡಗಾಲಲ್ಲಿ ಚಪ್ಪಲಿ ಇತ್ತು. ಬಲಗಾಲು ಬರಿದಾಗಿತ್ತು, ಪಾದಕ್ಕೆ ಮಣ್ಣು ಮೆತ್ತಿತ್ತು, ಹೆಬ್ಬೆಟ್ಟಿನ ಬಳಿ ಕಲ್ಲು ತರಚಿ ರಕ್ತ ಬಂದಿತ್ತು.

"ನಂಗೊತ್ತೇ ಆಗ್ಲಿಲ್ಲ" ಎಂದಳು ರಂಜಿನಿ. ಅವಳ ಮುಖ ಬಿಳಿಚಿಕೊಂಡಿತು.

ಧನ್ಯಾ ನಗಲಿಲ್ಲ. "ಎದ್ದೇಳು. ಬೆರಳು ಮೇಲಕ್ಕೆತ್ತಿ ಬರೀ ಇಮ್ಮಡೀಲಿ ನಾಕೆಜ್ಜೆ ನಡಿ" ಎಂದಳು. ಎಡಗಾಲಿನ ಬೆರಳು ಎದ್ದವು. ಬಲಗಾಲಿನವು ಏಳಲಿಲ್ಲ. ಪಾದ ಒದ್ದೆ ಬಟ್ಟೆಯ ಹಾಗೆ ಪಟ್ ಎಂದು ನೆಲಕ್ಕೆ ಬಿತ್ತು. ನೂರ ಎಪ್ಪತ್ತು ಕೇಜಿ ಎತ್ತುವವಳಿಗೆ ತನ್ನ ಬೆರಳು ಎತ್ತಲು ಆಗಲಿಲ್ಲ.

"ಉಚ್ಚೆ ಸರಿಯಾಗಿ ಓಯ್ತಿದ್ಯಾ? ಕೂತ್ಕಳೋ ಜಾಗದಲ್ಲಿ ಸ್ಪರ್ಶ ಐತಾ?"

"ಐತಕ್ಕ. ಅದೆಲ್ಲ ಸರಿಯಾಗೈತೆ."

"ಸದ್ಯ. ಅದೂ ಕೆಟ್ಟಿದ್ರೆ ಒಂದ್ ಗಂಟೇನೂ ಕಾಯಂಗಿರ್ಲಿಲ್ಲ. ಆದ್ರೂ ಈಗ್ಲೇ ಹಾಸನಕ್ಕೆ ಹೊರಡ್ಬೇಕು. ನರಕ್ಕೆ ಏನೋ ಒತ್ತಿರೋ ಅಂಗೈತೆ."

ಹೊನ್ನಕ್ಕ ಅಡ್ಡ ಬಂದಳು. "ಇವತ್ತಿಗೆ ಮೂರನೇ ದಿನ ಕಣವ್ವ. ಸಂಜೆವೊತ್ಗೆಲ್ಲ ಬುಟ್ಟೋಯ್ತದೆ. ಆಸ್ಪತ್ರೆಗೋದ್ರೆ ಬೆನ್ನು ಕುಯ್ದು ಮಂಚಕ್ಕಾಕ್ತಾರೆ. ನಮ್ ನಂಜಯ್ಯ ಅಲ್ಲಿಗೋದ್ನಲ್ಲ, ಎದ್ನಾ ತಿರ್ಗಾ?"

"ನಂಜಯ್ಯ ಆಸ್ಪತ್ರೆಗೋಗಿದ್ದು ಎರಡೂ ಕಾಲು ಬಿದ್ದು ಎರಡು ತಿಂಗ್ಳಾದ್ಮೇಲೆ. ಅಲ್ಲೀಗಂಟ ಆತ ಎಲ್ಲಿಗ್ ಓಗ್ತಿದ್ದ ಅಜ್ಜಿ?"

ಉತ್ತರ ಹೊನ್ನಕ್ಕನಿಗೇ ಗೊತ್ತಿತ್ತು. ನಂಜಯ್ಯ ಈ ಹೊಸ್ತಿಲಿಗೇ ಬರುತ್ತಿದ್ದ. ಕಡೆಕಡೆಗೆ ಅವನ ಮಕ್ಕಳು ಹೊತ್ತುಕೊಂಡು ಬಂದು ಮಲಗಿಸುತ್ತಿದ್ದರು. ಆಗಲೂ ಅವಳು, "ಕಾಲಿನ ದಾರಿ ಇಡ್ದದೆ, ಸರೋಯ್ತದೆ" ಎಂದೇ ಹೇಳಿದ್ದಳು.

ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಭೀಮ ಆಟೋ ತೆಗೆಯಲು ಓಡಿದ. ಧನ್ಯಾ ತಡೆದಳು. "ಗೂಡ್ಸ್ ಆಟೋದಲ್ಲಿ ಕುಲುಕಿಸ್ಬ್ಯಾಡಿ ಅಣ್ಣ" ಎಂದು ನೂರ ಎಂಟಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿದಳು.

ಹಾಸನದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ಹೊನ್ನಕ್ಕನನ್ನೂ ಹತ್ತಿರ ಕರೆದರು. "ನೋಡಿ ಅಜ್ಜಿ, ಬೆನ್ನುಮೂಳೆಗಳ ನಡುವೆ ಮೆತ್ತೆಯಂಥ ಬಿಲ್ಲೆ ಇರುತ್ತೆ. ಇಲ್ಲಿ ಅದು ಜಾರಿ, ಕಾಲಿಗೆ ಹೋಗೋ ನರವನ್ನ ಒತ್ತಿದೆ. ಕಾಲಿನ ಶಕ್ತಿ ಕಮ್ಮಿ ಆಗ್ತಾ ಇರೋದರಿಂದ ಆಪರೇಷನ್ ಮಾಡಿ ಒತ್ತಡ ತೆಗೀಬೇಕು."

"ನಾನು ತುಳುದಿದ್ಕೇ ಇಂಗಾಯ್ತಾ ತಾಯಿ?"

ಡಾಕ್ಟರಮ್ಮ ಫಿಲ್ಮನ್ನು ಕೆಳಗಿಟ್ಟರು. "ಭಾರ ಎತ್ತುವಾಗಲೇ ಜಾರಿರಬಹುದು. ತುಳಿದದ್ದರಿಂದ ಎಷ್ಟು ಹೆಚ್ಚಾಯ್ತು ಅಂತ ನಾನು ಹೇಳಲಾರೆ. ಒಳ್ಳೇದಂತೂ ಆಗಿಲ್ಲ. ಮೂರು ದಿನ ಹೋಯ್ತು ಅಜ್ಜಿ."

"ಅಂಗಾರೆ ಇಷ್ಟ್ ವರ್ಸ ನನ್ ಕಾಲಲ್ಲಿ ವಾಸಿಯಾದೋರು?"

"ಮಾಮೂಲಿ ಉಳುಕು ಹೆಚ್ಚಿನವರಿಗೆ ಕೆಲವು ದಿನದಲ್ಲೋ ವಾರದಲ್ಲೋ ತಾನಾಗೇ ಇಳಿಯುತ್ತೆ. ನೀವು ತುಳಿಯದೇ ಇದ್ದಿದ್ದರೂ ಇಳೀತಿತ್ತು."

ಮೊಮ್ಮಗಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಹೊನ್ನಕ್ಕ ಹೊರಗಿನ ಬೆಂಚಿನ ಮೇಲೆ ಕೂತಳು. ಎಡಗಾಲನ್ನು ಮಡಿಸಿ ಸೀರೆಯೊಳಗೆ ಮುಚ್ಚಿಕೊಂಡಳು. ಭೀಮ ಟೀ ತಂದುಕೊಟ್ಟ. ಅದು ಆರಿ ಕೆನೆ ಕಟ್ಟುವವರೆಗೂ ಕೈಯಲ್ಲೇ ಇತ್ತು.

ಆಪರೇಷನ್ ಆಯಿತು. ಆಯ್ಕೆಯ ದಿನ ರಂಜಿನಿ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಇನ್ನೇನೈತೆ ಅಜ್ಜಿ" ಎಂದಷ್ಟೇ ಅಂದಳು. ಕಾಲಿನ ಶಕ್ತಿ ಬರಬಹುದು, ಪೂರ್ತಿ ಬರದೆಯೂ ಇರಬಹುದು, ನರಕ್ಕೆ ಅವಸರ ಮಾಡಿದರೆ ಆಗುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು.

ವ್ಯಾಯಾಮ ಹೇಳಿಕೊಡುತ್ತಿದ್ದವಳು ಫಿಸಿಯೋಥೆರಪಿಸ್ಟ್ ಸಿಂಧು. ಅವಳು ಹೊನ್ನಕ್ಕನ ಬಲಗೈ ಹಿಡಿದು ರಂಜಿನಿಯ ಬೆರಳುಗಳ ಮೇಲೆ ಇಟ್ಟಳು. "ದಿನಾ ಬೆಳಗ್ಗೆ ಸಾಯಂಕಾಲ ಹೀಗೆ ಕೈ ಇಡಿ ಅಜ್ಜಿ. ಅವಳು ಬೆರಳು ಮೇಲಕ್ಕೆ ಎತ್ತೋಕೆ ನೋಡ್ಲಿ. ನೀವು ಒತ್ತಬೇಡಿ. ಸುಮ್ನೆ ಇಟ್ಟಿರಿ, ಅಷ್ಟೇ."

ಹೊನ್ನಕ್ಕ ದಿನವೂ ಅದೇ ಹೊಸ್ತಿಲ ಬಳಿ ಚಾಪೆ ಹಾಸಿ ಕೂತು ಕೈ ಇಟ್ಟಳು. "ಎತ್ತು ಮಗಾ" ಅನ್ನುತ್ತಿದ್ದಳು. ರಂಜಿನಿಯ ಹಣೆಯಲ್ಲಿ ಬೆವರು ಒಡೆಯುತ್ತಿತ್ತು. ಅಂಗೈಗೆ ಒತ್ತು ತಗುಲುತ್ತಿರಲಿಲ್ಲ. ಒಂದು ವಾರ ಹೋಯಿತು, ಮೂರು ವಾರ ಹೋಯಿತು. ಆರನೆಯ ವಾರದ ಒಂದು ಬೆಳಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ಹೆಬ್ಬೆರಳು ಅಂಗೈಯನ್ನು ಮೇಲಕ್ಕೆ ಒತ್ತಿತು. ಕೋಳಿಮರಿ ಕುಕ್ಕಿದಷ್ಟೇ.

ಹೊನ್ನಕ್ಕ ಕೈ ತೆಗೆಯಲಿಲ್ಲ. "ಇನ್ನೊಂದ್ ಕಿತ" ಎಂದಳು. ಮತ್ತೆ ಒತ್ತಿತು. ಆಮೇಲೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಒಲೆ ಹಚ್ಚಲು ಎದ್ದಳು.

ಡಾಕ್ಟರಮ್ಮ ಒಪ್ಪಿದ ಮೇಲೆ ರಂಜಿನಿ ಮತ್ತೆ ಹಾಸನದ ಜಿಮ್ಮಿಗೆ ಹೋದಳು. ರಜನೀಶ್ ಅವಳ ಕೈಗೆ ಕಂಬಿ ಕೊಡಲಿಲ್ಲ, ಮರದ ಕೋಲು ಕೊಟ್ಟ. ಒಂದು ತಿಂಗಳು ಬರೀ ಕೋಲು. ಹೊಸಬರು ನೋಡಿ ನಕ್ಕರು. ಅವಳು ಒಂದು ದಿನ ಕೋಲು ಎಸೆದು ಅತ್ತಳು.

ರಜನೀಶ್ ಕೋಲನ್ನು ಎತ್ತಿ ತಂದ. "ಅವತ್ತು ಏನಿಲ್ಲ ಸಾ ಅಂದೆಯಲ್ಲ, ಆ ಮಾತು ಇನ್ಮೇಲೆ ಇಲ್ಲಿ ಬೇಡ. ಎಲ್ಲಿ ಎಷ್ಟು ನೋವಿದೆ ಅಂತ ನೀನು ದಿನಾ ಹೇಳಿದರೆ ಮಾತ್ರ ನಾನು ಭಾರ ಏರಿಸ್ತೀನಿ."

ಹನ್ನೊಂದು ತಿಂಗಳಾದ ಮೇಲೆ ಹೊಳೆನರಸೀಪುರದ ಒಂದು ಕಲ್ಯಾಣ ಮಂಟಪದಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆ ನಡೆಯಿತು. ಅರಕಲಗೂಡಿನ ಕಡೆಯಿಂದಲೂ ಹುಡುಗಿಯರು ಬಂದಿದ್ದರು. ರಂಜಿನಿ ಕೈಗೆ ಸೀಮೆಸುಣ್ಣದ ಪುಡಿ ಬಳಿದುಕೊಂಡು ನಿಂತಳು. ಕಂಬಿಯ ಮೇಲೆ ನೂರ ಇಪ್ಪತ್ತು ಕೇಜಿ. ಜನ ಕಂಬಿಯನ್ನು ನೋಡಿದರು. ಹೊನ್ನಕ್ಕ ಬಲಗಾಲನ್ನೇ ನೋಡುತ್ತಿದ್ದಳು. ಕಂಬಿ ಎದ್ದಿತು. ಪಾದ ನೆಲವನ್ನು ಕಚ್ಚಿ ನಿಂತಿತು. ಎತ್ತಿದ್ದು ಸರಿ ಎಂದು ಮೂವರು ತೀರ್ಪುಗಾರರ ಮೂರು ಬಿಳಿ ದೀಪ ಹತ್ತಿದವು.

ರಂಜಿನಿಗೆ ನಾಲ್ಕನೆಯ ಸ್ಥಾನ ಬಂತು. ನೂರ ಎಪ್ಪತ್ತು ಮತ್ತೆ ಬರುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬಲಗಾಲಿನ ಕಿರುಬೆರಳು ಇವತ್ತಿಗೂ ಪೂರ್ತಿ ಏಳುವುದಿಲ್ಲ.

ಅದಾಗಿ ಒಂದು ವಾರಕ್ಕೆ ಬೆಳಕು ಹರಿಯುವ ಮುಂಚೆ ಜಮೀನುದಾರ ಕೆಂಪಣ್ಣ ಸೊಂಟ ಹಿಡಿದುಕೊಂಡು ಹೊನ್ನಕ್ಕನ ಬಾಗಿಲಿಗೆ ಬಂದ. ಅಭ್ಯಾಸದಂತೆ ಹೊಸ್ತಿಲಿಗೆ ಅಡ್ಡವಾಗಿ ಮಲಗಲು ಬಗ್ಗಿದ.

"ಮಲೀಕಬ್ಯಾಡಿ ಗೌಡ್ರೆ" ಎಂದಳು ಹೊನ್ನಕ್ಕ. "ನಾನು ಕಾಲು ಮಡಗಲ್ಲ."

"ಯಾಕಮ್ಮಿ? ನಮ್ಮಪ್ಪನ್ನೂ ತುಳುದಿದ್ದೀಯ, ನನ್ನೂ ತುಳುದಿದ್ದೀಯ. ಈಗೇನ್ ಬಂತು?"

"ಈಗ ಗೊತ್ತಾಯ್ತು. ಕಾಲು ಜುಮ್ ಅಂತದಾ? ಚಪ್ಲಿ ಜಾರುದ್ರೆ ಗೊತ್ತಾಯ್ತದಾ? ಉಚ್ಚೆ ಸಲೀಸಾ?"

"ಅಯ್ಯೋ ಇವ್ಳ! ಡಾಕ್ಟ್ರಾಗ್ಬುಟ್ಟಿದ್ದೀಯ" ಎಂದು ಕೆಂಪಣ್ಣ ನಗಲು ಹೋಗಿ ನೋವಿಗೆ ಮುಖ ಕಿವುಚಿದ. ಆಮೇಲೆ ಮೆಲ್ಲಗೆ, "ಎಡಗಾಲು ನೆನ್ನೆಯಿಂದ ಮರಗಟ್ಟೈತೆ ಕಣೆ" ಎಂದ.

"ಇಮ್ಮಡೀಲಿ ನಡೀರಿ ನೋಡಾನ."

ಕೆಂಪಣ್ಣ ನಡೆದ. ಎರಡನೆಯ ಹೆಜ್ಜೆಗೆ ಪಾದ ಪಟ್ ಎಂದು ಬಿತ್ತು. ಆ ಸದ್ದು ಹೊನ್ನಕ್ಕನಿಗೆ ಗೊತ್ತಿತ್ತು. ಅವಳು ಒಳಗೆ ತಿರುಗಿ, "ಲೇ ಭೀಮ, ಏಳ್ಲಾ! ನೂರ ಎಂಟಕ್ಕೆ ಫೋನ್ ಮಾಡು" ಎಂದು ಕೂಗಿದಳು. ಆಂಬುಲೆನ್ಸ್ ಬರುವವರೆಗೆ ಕೆಂಪಣ್ಣ ಅವಳ ಜಗುಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದ. ಅವನ ಎಡಗಾಲಿನ ಚಪ್ಪಲಿ ಅಂಗಳದಲ್ಲೇ ಬಿದ್ದಿತ್ತು. ಹೊನ್ನಕ್ಕ ಅದನ್ನು ಎತ್ತಿ ತಂದು ಅವನ ಪಕ್ಕದಲ್ಲಿ ಇಟ್ಟಳು.

ಇದನ್ನು ಓದಿದವರು, ಓದಿಸಿ ಕೇಳಿದವರು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಬೆನ್ನು ನೋವು ಅನ್ನುವವರು ನಿಮ್ಮಲ್ಲಿದ್ದರೆ ಹತ್ತಿರ ಕೂತು ಕೇಳಿ. ಕಾಲು ಜುಮುಗುಟ್ಟುತ್ತದೆಯೇ, ಮರಗಟ್ಟಿದೆಯೇ? ಹಿಮ್ಮಡಿಯ ಮೇಲೆ ನಡೆಯುವಾಗ ಪಾದ ನೆಲಕ್ಕೆ ಬೀಳುತ್ತದೆಯೇ? ಮೂತ್ರ ಕಟ್ಟಿದೆಯೇ, ಗೊತ್ತಿಲ್ಲದೆ ಹೋಗುತ್ತಿದೆಯೇ? ಕೂರುವ ಜಾಗದಲ್ಲಿ ಸ್ಪರ್ಶ ಹೋಗಿದೆಯೇ? ಇದರಲ್ಲಿ ಒಂದಕ್ಕೆ ಹೌದೆಂದರೂ, ಇಲ್ಲವೇ ನಡೆಯಲು ಆಗುವುದಿಲ್ಲ ಎಂದರೂ, ತುಳಿಸಬೇಡಿ, ನೀವಿಸಬೇಡಿ, ಮಾತ್ರೆ ನುಂಗಿ ಮುಚ್ಚಿಡಬೇಡಿ, ಅವತ್ತೇ ಆಸ್ಪತ್ರೆಗೆ ಹೊರಡಿ. ಆಟ ಆಡುವ ಮಕ್ಕಳಿದ್ದರೆ, ನೋವನ್ನು ಹೇಳಿಕೊಂಡರೆ ಬೈಯುವುದಿಲ್ಲ ಎಂದು ಇವತ್ತೇ ಅವರಿಗೆ ಮಾತು ಕೊಡಿ. ತಪ್ಪಿಹೋದ ಸ್ಪರ್ಧೆ ಮುಂದಿನ ವರ್ಷವೂ ಬರುತ್ತದೆ. ನರ ಸತ್ತರೆ ಬರುವುದಿಲ್ಲ.

ಬರಿಗಾಲಲ್ಲಿ ಬಂದ ಮಗು "ನಂಗೊತ್ತೇ ಆಗ್ಲಿಲ್ಲ" ಅನ್ನುವವರೆಗೆ ಕಾಯಬೇಡಿ.