ಮುದ್ರೆ ಬೀಳದ ಸುತ್ತೋಲೆ

"ನಿಮ್ಮ ಆ ಪುಕ್ಕಟೆ ಲಿನಕ್ಸ್ ಮಾಡಿದ ಘನಕಾರ್ಯ ನೋಡಿದ್ರಾ, ಫುಸಾಕೊ-ಸಾನ್?" ಕೇರಿ ಸಂಘದ ಅಧ್ಯಕ್ಷ ಕುರೊಸೆ ಹೊಸ್ತಿಲಲ್ಲೇ ನಿಂತು ಗುಡುಗಿದ. ಒಳಗೆ ಬನ್ನಿ ಎಂದರೂ ಬೂಟು ಕಳಚಲಿಲ್ಲ.

ನೋಡದೆ ಏನು? ಬೆಳಿಗ್ಗೆ ಮೀನಿನ ಮುಳ್ಳು, ಮೊಟ್ಟೆಯ ಸಿಪ್ಪೆ ಬೀದಿ ತುಂಬ ಚೆಲ್ಲಾಡಿದ್ದವು. ಕಸದ ಚೀಲಗಳಿಗೆ ಕಾಗೆ ಕುಕ್ಕದಂತೆ ಬಲೆ ಹೊದಿಸುವ ಸರದಿ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಕುರೊಸೆ ಕಂಪ್ಯೂಟರಿನಲ್ಲಿ ಮಾಡಿ ಕಳಿಸುವ ಸರದಿಪಟ್ಟಿಯೋ, ಬರೀ ಸಣ್ಣ ಸಣ್ಣ ಚೌಕಗಳು, ಚೌಕಕ್ಕೊಂದು ಅಕ್ಷರ. ಕಚೇರಿಯಲ್ಲಿ ದುಡಿದು ನಿವೃತ್ತರಾದವರಿಗೆಲ್ಲ ಅದೊಂದು ಚಟ. ಫುಸಾಕೊ ತನ್ನ ಹಳೆಯ ಕಂಪ್ಯೂಟರಿನ ಲಿನಕ್ಸ್‌ನಲ್ಲಿ ಅದನ್ನು ತೆರೆದಾಗ ಮನೆಗಳ ಹೆಸರೆಲ್ಲ ಒಂದು ಸಾಲು ಕೆಳಗೆ ಜಾರಿ, ಮಂಗಳವಾರದ ಎದುರು ಖಾಲಿ ಉಳಿದಿತ್ತು. ಗಮನಿಸದೆ ಹಾಗೇ ಅಚ್ಚು ಹಾಕಿ ಕೇರಿಯ ಸುತ್ತೋಲೆಗೆ ಸೇರಿಸಿದ್ದಳು.

"ತಪ್ಪು ನಂದೇ," ಎಂದಳು. "ಬೀದಿ ನಾನೇ ಗುಡಿಸಿದ್ದೀನಿ."

"ಗುಡಿಸಿದ್ರೆ ಮುಗೀತಾ? ಹೊಸ ಕಂಪ್ಯೂಟರ್ ತಗೊಳ್ಳಿ. ಇಲ್ಲಾಂದ್ರೆ ಸುತ್ತೋಲೆ ಕೆಲಸ ನಮ್ಮ ಅಳಿಯನಿಗೆ ಬಿಡಿ. ಆ ಪೆಟ್ಟಿಗೇಲಿ ಮಾಡಿದ್ದಕ್ಕೆ ನಾನಂತೂ ಮುದ್ರೆ ಒತ್ತಲ್ಲ!"

ಅವನು ಹೋದ ಮೇಲೆ ಫುಸಾಕೊಗೆ ಮೈಯೆಲ್ಲ ಉರಿಯಿತು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅವಳನ್ನು ಕೇರಿಯ ಜೊತೆ ಹಿಡಿದಿಟ್ಟಿದ್ದೇ ಆ ಕೆಲಸ. ಅದೂ ಹೋದರೆ ಅವಳ ಬಾಗಿಲು ತಟ್ಟುವವರು ಯಾರು? ಕಂಪ್ಯೂಟರಿನಲ್ಲಿ ಮೊದಲಿದ್ದ ಕಾರ್ಯವ್ಯವಸ್ಥೆಯೂ ಹೀಗೇ ಮಾಡಿತ್ತು. ಒಂದು ದಿನ ಪರದೆಯ ಮೇಲೆ, ಈ ಕಂಪ್ಯೂಟರ್ ಮುಂದಿನ ಆವೃತ್ತಿಗೆ ಅರ್ಹವಲ್ಲ ಎಂದು ಬಂತು. ಅರ್ಹವಲ್ಲವಂತೆ! ಒಂದು ಗುಂಡಿಯೂ ಸವೆದಿಲ್ಲ. ಎಸೆಯಲು ಅವಳಿಗೇನು ತಲೆಕೆಟ್ಟಿತ್ತೇ? ಗ್ರಂಥಾಲಯದಿಂದ ಪುಸ್ತಕ ತಂದು, ಎರಡು ಸಲ ಕೆಡಿಸಿ, ಮೂರನೆಯ ದಿನ ಅದರ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ್ದಳು. ಅರವತ್ತೇಳನೆಯ ವಯಸ್ಸಿನಲ್ಲಿ, ಯಾರನ್ನೂ ಕೇಳದೆ.

ಈ ಸಲ ಚೌಕಗಳ ಸಹವಾಸವೇ ಬೇಡವೆಂದು ಪಟ್ಟಿಯನ್ನು ಹೊಸದಾಗಿ ಬರೆದಳು. ದಿನ, ಮನೆಯ ಹೆಸರು, ದಪ್ಪ ಅಕ್ಷರ, ಅಷ್ಟೇ. ಒಂದೊಂದು ಸಾಲಿಗೂ ಬೆರಳಿಟ್ಟು ಮೂರು ಸಲ ಓದಿದಳು. ಕೊನೆಯಲ್ಲಿ ಸೇರಿಸಿದಳು: "ಕಳೆದ ಸುತ್ತೋಲೆಯ ತಪ್ಪು ನನ್ನದು. ಈ ಸುತ್ತೋಲೆಯನ್ನು ಲಿನಕ್ಸ್‌ನಲ್ಲಿ ತಯಾರಿಸಿದ್ದೇನೆ. ಮುಂದೆಯೂ ಅದರಲ್ಲೇ ತಯಾರಿಸುತ್ತೇನೆ."

ಸುತ್ತೋಲೆ ಸಿಕ್ಕಿಸಿದ ಹಲಗೆ ಮನೆಯಿಂದ ಮನೆಗೆ ಹೋಯಿತು. ಓದಿದವರು ತಮ್ಮ ಮನೆಯ ಜಾಗದಲ್ಲಿ ಹೆಸರಿನ ಮುದ್ರೆ ಒತ್ತಿ ಪಕ್ಕದ ಮನೆಗೆ ಕೊಡಬೇಕು. ಶನಿವಾರ ಅದನ್ನು ವಾಪಸು ತಂದವಳು ಮೂಲೆಮನೆಯ ಇಸೊಗಾಯಿ ಅಜ್ಜಿ.

"ಕನ್ನಡಕ ಇಲ್ದೇನೇ ಓದ್ದೆ ಕಣೇ! ಇಷ್ಟು ವರ್ಷ ಏನೂ ಕಾಣ್ದೇನೇ ಮುದ್ರೆ ಒತ್ತಿದ್ದೆ," ಎಂದು ಅಜ್ಜಿ ನಕ್ಕಳು. "ಆದ್ರೆ ನೋಡು, ಆ ಮಹಾರಾಯ ಒತ್ತೇ ಇಲ್ಲ."

ಇಪ್ಪತ್ತೆರಡು ಕೆಂಪು ಮುದ್ರೆಗಳು. ಕುರೊಸೆಯ ಜಾಗ ಮಾತ್ರ ಬೋಳು.

ಫುಸಾಕೊ ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ನೇರ ಅವನ ಮನೆಗೆ ನಡೆದಳು.

"ಅಧ್ಯಕ್ಷರೇ, ಒಂದು ಮುದ್ರೆ ಬಾಕಿ ಇದೆ."

ಕುರೊಸೆ ಹಲಗೆ ನೋಡಿದ, ಇಪ್ಪತ್ತೆರಡನ್ನೂ ನೋಡಿದ. "ಮುದ್ರೆ ಎಲ್ಲಿಟ್ಟಿದ್ದೀನೋ, ಜ್ಞಾಪಕ ಇಲ್ಲ."

"ಹುಡುಕಿ. ನಂಗೇನೂ ಅವಸರ ಇಲ್ಲ."

ಅವನು ಗೊಣಗುತ್ತ ಒಳಗೆ ಹೋದ. ಅವಳು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಮೆಟ್ಟಿಲ ಮೇಲೆಯೇ ಕುಳಿತಳು. ಒಳಗೆ ಒಂದು ಡ್ರಾಯರ್ ಎಳೆದ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು.