ಸೊಸೆಯ ಸೂಜಿ

ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಸೊಸೆಯ ಕೆಲಸ. ಹೋದ ತಿಂಗಳು ಒಬ್ಬ ಮುದುಕಿಯ ನರ ಸಿಗದೆ ಎರಡು ಸಲ ಚುಚ್ಚಿದಳು. ತೋಳು ನೀಲಿಗಟ್ಟಿತು. ಮುದುಕಿಯ ಮಗ ಎಲ್ಲರೆದುರು ಕೂಗಾಡಿದ: "ಇದೇನು ಕೈಯಾ, ಕಟುಕರ ಕತ್ತಿಯಾ?" ಅವತ್ತು ರಜೆ ಹಾಕಿ ಬಂದವಳು ಮತ್ತೆ ಹೋಗಲೇ ಇಲ್ಲ. "ನನ್ನ ಕೈ ಮುಟ್ಟಿದೋರಿಗೆಲ್ಲ ನೋವೇ ಅತ್ತೆ. ಕೆಲಸ ಬಿಡ್ತೀನಿ," ಎಂದು ಒಂದೇ ರಾಗ. ಇಷ್ಟಪಟ್ಟು ಕಲಿತ ಕೆಲಸ ಅದು. ನನಗೆ ಸಂಕಟವಾಯಿತು.

"ನಿನ್ನಂಥ ಹಗುರ ಕೈ ಊರಲ್ಲೇ ಇಲ್ಲ ಕಣೇ," ಎಂದು ಹೇಳಿ ಹೇಳಿ ಸಾಕಾಯಿತು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಳು.

ಕೊನೆಗೆ ನನ್ನ ಮಗನ ಒತ್ತಾಯಕ್ಕೆ ಆಪ್ತ ಸಮಾಲೋಚಕಿಯ ಹತ್ತಿರ ಹೋದಳು; ಜೊತೆಗೆ ನಾನು. ಆಕೆಯೋ, ಸಮಾಧಾನದ ಒಂದು ಮಾತೂ ಆಡಲಿಲ್ಲ. "ಆ ಅಜ್ಜಿಗೆ ನೋವಾಗಿದ್ದು ನಿಜ. ನಿಮ್ಮ ಕೈಯೇ ಕೆಟ್ಟದ್ದು ಅನ್ನೋದು ನಿಮ್ಮ ಯೋಚನೆ. ಅದು ಎಷ್ಟು ನಿಜ ಅಂತ ಪರೀಕ್ಷೆ ಮಾಡೋಣ. ಈಗ ಯಾರಿಗಾದ್ರೂ ಚುಚ್ಚಿದ್ರೆ ಏನಾಗುತ್ತೆ ಅಂತೀರಿ?"

"ನರ ಸಿಗಲ್ಲ. ಅವರಿಗೆ ನೋಯುತ್ತೆ. ಮತ್ತೆ ನನ್ನ ಮುಂದೆ ಕೈ ಚಾಚಲ್ಲ."

ನನ್ನ ಸಕ್ಕರೆ ಪರೀಕ್ಷೆ ಹೇಗೂ ಬಾಕಿ ಇತ್ತು. "ನಂಗೇ ಚುಚ್ಚಲಿ," ಎಂದೆ.

"ಆಗ್ಲಿ ಅಮ್ಮ. ಆದ್ರೆ ಹೊಗಳೋ ಹಾಗಿಲ್ಲ. ಆದದ್ದನ್ನ ಆದ ಹಾಗೇ ಹೇಳ್ಬೇಕು," ಎಂದಳು ಆಕೆ. ನನಗೇ ಬುದ್ಧಿ ಹೇಳುತ್ತಾಳಲ್ಲ ಎಂದು ಸಿಟ್ಟು ಬಂತು. ನುಂಗಿಕೊಂಡೆ.

ಮರುದಿನ ಲ್ಯಾಬಿಗೆ ಹೋದೆವು. ಸೊಸೆ ರಬ್ಬರ್ ಪಟ್ಟಿ ಬಿಗಿದಳು, ಬೆರಳಿನಿಂದ ತಡವಿ ನೋಡಿದಳು, ಚುಚ್ಚಿದಳು. ನರ ತಪ್ಪಿತು. ಅಯ್ಯಯ್ಯೋ, ಉರಿಯೆಂದರೆ ಉರಿ! ಅವಳ ಮುಖ ಬಿಳಿಚಿಕೊಂಡಿತು. ಏನೂ ಆಗಲಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು.

"ನೋಯ್ತು ಕಣೇ, ಜೀವ ಹೋದ ಹಾಗಾಯ್ತು," ಎಂದೆ.

ಅವಳು ಸೂಜಿ ಬದಿಗಿಟ್ಟು ಅಳತೊಡಗಿದಳು. "ನಾನು ಹೇಳಿರ್ಲಿಲ್ವಾ ಅತ್ತೆ..."

"ಏನು ಹೇಳಿದ್ದೆ? ನರ ಸಿಗಲ್ಲ ಅಂದೆ, ಸಿಗ್ಲಿಲ್ಲ. ನೋಯುತ್ತೆ ಅಂದೆ, ನೋಯ್ತು. ಮತ್ತೆ ಕೈ ಚಾಚಲ್ಲ ಅಂದ್ಯಲ್ಲ, ಅದೆಲ್ಲಿ ಆಯ್ತು?" ಎಂದು ಇನ್ನೊಂದು ತೋಳು ಅವಳ ಮುಂದಿಟ್ಟೆ. ನನಗೂ ಭಯವೇ. ಆದರೂ ಇಟ್ಟೆ.

ಅವಳು ಆ ತೋಳನ್ನೇ ನೋಡುತ್ತ ಕೂತಳು. ಆಮೇಲೆ ಕಣ್ಣೊರೆಸಿಕೊಂಡು, ಕೈ ತೊಳೆದು ಬಂದು, ಹೊಸ ಸೂಜಿ ತೆಗೆದಳು. ರಕ್ತ ಸರಾಗವಾಗಿ ಬಂತು.

"ನೋಯ್ತಾ?"

"ನೋಯ್ದೆ ಇರುತ್ತಾ? ಆದ್ರೆ ಮೊದಲಿನಷ್ಟಿಲ್ಲ."

ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು. ನಾನು ಹತ್ತಿ ಒತ್ತಿಕೊಂಡು ಎದ್ದೆ. ಅವಳು ನನ್ನನ್ನು ದಾಟಿ ಬಾಗಿಲಿಗೆ ಹೋಗಿ ಮುಂದಿನವರನ್ನು ಕರೆದಳು.

"ಬನ್ನಿ, ಕೂತ್ಕೊಳ್ಳಿ. ಸ್ವಲ್ಪ ನೋವಾಗುತ್ತೆ."